ನೆರಳುಕೋಟೆಯ ಏಳನೆಯ ದಿನ

ಜೂನ್ 9, 2025, ಸೋಮವಾರ. ಭವಾನಿಪುರಂ, ವಿಜಯವಾಡ

ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ದುಡಿದವನಿಗೆ ಬರೆದಿಡದ ಸಂಗತಿ ನಡೆದೇ ಇಲ್ಲ ಅನ್ನಿಸುತ್ತದೆ. ಬ್ಯಾಂಕೇ ಕೊಟ್ಟ ಈ ಡೈರಿ ಜನವರಿಯಿಂದ ಮೇಜಿನ ಮೇಲೆ ಬಿದ್ದಿತ್ತು. ಐದು ತಿಂಗಳ ಪುಟಗಳು ಖಾಲಿ. ಅವನ್ನು ತುಂಬಿಸುವ ಆಸೆ ನನಗಿಲ್ಲ.

ಹೇಮಾಕ್ಷಿಗೆ ಎರಡನೆಯ ಸಲ ಪಾರ್ಶ್ವವಾಯು ಬಡಿದು ಇವತ್ತಿಗೆ ಎಪ್ಪತ್ತು ದಿನ. ಬಲಭಾಗ ಪೂರ್ತಿ ಹೋಗಿದೆ, ಮಾತೂ ಹೋಗಿದೆ. ಎಡಗೈ ಆಡುತ್ತದೆ. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ ಎಂದು ಡಾಕ್ಟರು ಹೇಳುತ್ತಾರೆ. ಹಗಲು ನೋಡಿಕೊಳ್ಳಲು ಭ್ರಮರಾಂಬ ಬರುತ್ತಾಳೆ. ನನ್ನನ್ನು ‘ಸಾರ್’ ಅನ್ನುತ್ತಾಳೆ, ಇವಳನ್ನು ‘ಅಮ್ಮಗಾರು’. ಇಬ್ಬರಲ್ಲಿ ಯಾರ ಮಾತು ಕೇಳುತ್ತಾಳೆ ಎಂಬುದು ಅದರಲ್ಲೇ ಗೊತ್ತಾಗುತ್ತದೆ. ಮಾತೇ ಆಡದವಳ ಮಾತನ್ನು ಅದು ಹೇಗೆ ಕೇಳುತ್ತಾಳೋ ನನಗೆ ತಿಳಿಯದು.

ಇವತ್ತು ಫಣೀಂದ್ರ ಫೋನ್ ಮಾಡಿದ. ಹೇಮಾಕ್ಷಿಯ ಕಾದಂಬರಿ ‘ನೆರಳುಕೋಟೆ’ಯನ್ನು ತೆಲುಗಿನಲ್ಲಿ ಸಿನಿಮಾ ಮಾಡುತ್ತಿರುವ ನಿರ್ದೇಶಕ. “ಯುದ್ಧದ ಬಗ್ಗೆ ಸ್ವಲ್ಪ ಮಾತಾಡಬೇಕು ಸಾರ್, ವೈಜಾಗಿಗೆ ಒಂದು ಸಲ ಬನ್ನಿ” ಎಂದ. ಯಾವ ಯುದ್ಧ ಎಂದು ನಾನು ಕೇಳಲಿಲ್ಲ. ಹೋದ ವರ್ಷ ಒಪ್ಪಂದ ಮಾಡಿಕೊಳ್ಳುವಾಗ ಹೇಮಾಕ್ಷಿ ಒಂದೇ ಒಂದು ಹಟ ಹಿಡಿದಿದ್ದಳು. “ಹಾಡು ಸೇರಿಸ್ಕೊಳ್ಳಿ, ಕುದುರೆ ಸೇರಿಸ್ಕೊಳ್ಳಿ. ಏಳನೇ ದಿನ ಮಾತ್ರ ಮುಟ್ಟಬ್ಯಾಡ್ರಿ ಅಂತ ಬರೀರಿ” ಎಂದಿದ್ದಳು. ನಾನು ಬ್ಯಾಂಕಿನ ಭಾಷೆಯಲ್ಲಿ ಬರೆದೆ: ಏಳನೆಯ ದಿನದ ಯುದ್ಧದಲ್ಲಿ ಯಾವುದೇ ಬದಲಾವಣೆಗೆ ಲೇಖಕಿಯ ಲಿಖಿತ ಒಪ್ಪಿಗೆ ಅಗತ್ಯ. ಓದಿ ನೋಡಿ ನಕ್ಕಿದ್ದಳು. ನೀವು ಬರೆದರೆ ಯುದ್ಧವೂ ಸಾಲದ ಅರ್ಜಿ ಆಗುತ್ತೆ ಅಂದಿದ್ದಳು. ಆ ನಗುವಿನ ಸದ್ದು ನೆನಪಿಗೆ ಬರುತ್ತಿಲ್ಲ. ಅದಕ್ಕೆ ಹೆದರಿಕೆಯಾಗುತ್ತದೆ.

ಜೂನ್ 14, ಶನಿವಾರ. ಮಧುರವಾಡ, ವಿಶಾಖಪಟ್ಟಣ

ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಬೆಳಗಿನ ರತ್ನಾಚಲ್ ರೈಲು ಹಿಡಿದು ಮಧ್ಯಾಹ್ನಕ್ಕೆ ಇಳಿದೆ. ಅಪೂರ್ವಾ ಸ್ಟೇಷನ್ನಿಗೆ ಬಂದಿದ್ದಳು. ಮಗಳು ಇಲ್ಲಿಯ ಗ್ರಾಫಿಕ್ಸ್ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಸೈನಿಕರನ್ನು ತಯಾರಿಸುತ್ತಾಳೆ. ಅಮ್ಮನ ಕಥೆ ಫಣೀಂದ್ರನ ಕಿವಿಗೆ ಬಿದ್ದದ್ದು ಅವಳಿಂದಲೇ. ನನ್ನ ವರ್ಗಾವಣೆಗಳ ಹಿಂದೆ ಹಿಂದೆ ಗುಂಟೂರು, ಏಲೂರು ಎಂದು ಬೆಳೆದ ಹುಡುಗಿ, ನನ್ನನ್ನು ತೆಲುಗಿನವರ ಹಾಗೆ ‘ನಾನ್ನಾ’ ಅನ್ನುತ್ತಾಳೆ. ಕನ್ನಡ ಆಡುತ್ತಾಳೆ, ಓದಲು ಬಾರದು. ಅಮ್ಮನ ಪುಸ್ತಕದ ಒಂದು ಸಾಲನ್ನೂ ಓದಿಲ್ಲ. ಅವಳನ್ನೇನು ಅನ್ನಲಿ, ನಾನೂ ಓದಿಲ್ಲ. ಹದಿನೆಂಟು ವರ್ಷದ ಹಿಂದೆ ಪ್ರೂಫ್ ನೋಡಿದ್ದೆ. ಪ್ರೂಫ್ ನೋಡುವವನು ಒತ್ತು, ದೀರ್ಘ ನೋಡುತ್ತಾನೆ, ಯಾರು ಸತ್ತರು ಎಂದು ನೋಡುವುದಿಲ್ಲ.

ಕತ್ತಲೆ ಕೋಣೆಯ ದೊಡ್ಡ ಪರದೆಯ ಮೇಲೆ ಕೋಟೆ ತೋರಿಸಿದರು. ಕೆಳಗೆ ಐದು ಸಾವಿರ ಸೈನಿಕರು. ಒಬ್ಬೊಬ್ಬನೂ ಬೇರೆ ಬೇರೆಯಾಗಿ ಬೀಳುತ್ತಾನೆ, ಅದನ್ನು ಮಾಡಿದವಳು ನನ್ನ ಮಗಳು. ಹೆಮ್ಮೆಯಾಯಿತು.

“ಕಥೆ ಅದ್ಭುತ ಸಾರ್,” ಎಂದ ಫಣೀಂದ್ರ. “ಆದರೆ ಏಳನೇ ದಿನ ನಮಗೆ ಯುದ್ಧವೇ ಸಿಗುತ್ತಿಲ್ಲ. ಕೋಟೆಯ ದಳವಾಯಿ, ಆಯಮ್ಮ, ಬಾಗಿಲು ತೆಗೆದು ಹೊರಗೆ ನಡೆದುಬಿಡುತ್ತಾರೆ. ಪುಸ್ತಕದಲ್ಲಿ ಅಮ್ಮಗಾರು ಕೀಲಿಯ ಸದ್ದು ಬರೆದಿದ್ದಾರೆ. ಓದುವವನು ಒಬ್ಬನೇ ಕೂತಿರುತ್ತಾನೆ, ಅವನಿಗೆ ಆ ಸದ್ದು ಸಾಕು. ಥಿಯೇಟರಿನಲ್ಲಿ ಎಂಟುನೂರು ಜನ ಕೂತಿರುತ್ತಾರೆ. ಅಷ್ಟೂ ಜನ ಒಟ್ಟಿಗೆ ಸೋಲನ್ನು ನುಂಗಲ್ಲ ಸಾರ್.”

ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೂ ಆಗಲ್ಲ ಎಂದೆ. ಷರತ್ತು ತೋರಿಸಿದೆ. ಬಹಳ ದಿನದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ.

ಜೂನ್ 15, ಭಾನುವಾರ. ರೈಲಿನಲ್ಲಿ

ಅಷ್ಟು ಜೋರಾಗಿ ಕಾಪಾಡಿದ್ದು ಏನನ್ನು ಎಂದು ನೋಡೋಣವೆಂದು ಪುಸ್ತಕ ತೆಗೆದೆ. ಅನಕಾಪಲ್ಲಿಯಿಂದ ರಾಜಮಂಡ್ರಿವರೆಗೆ ತಲೆ ಎತ್ತಲಿಲ್ಲ.

ಆ ಕೋಟೆಯಲ್ಲಿ ಸತ್ತ ಕಾವಲುಗಾರನ ಮೈ ಮಣ್ಣಿಗೆ ಹೋಗುತ್ತದೆ, ನೆರಳು ಮಾತ್ರ ಗೋಡೆಯ ಮೇಲೆ ನಿಂತು ಕಾದುತ್ತಲೇ ಇರುತ್ತದೆ. ಬಾಗಿಲು ಮುಚ್ಚಿರುವವರೆಗೆ ಅದಕ್ಕೆ ಬಿಡುಗಡೆ ಇಲ್ಲ. ಆರು ದಿನದ ಮುತ್ತಿಗೆಯಲ್ಲಿ ಬದುಕಿ ಉಳಿದವರು ಮೂವತ್ತು ಜನ, ಗೋಡೆಯ ಮೇಲೆ ನೆರಳುಗಳು ಮುನ್ನೂರು. ಏಳನೆಯ ದಿನ ಮುದುಕಿ ದಳವಾಯಿ ಮಾಚಲೆ ಮೆಟ್ಟಿಲಿಳಿದು ಬಂದು, ಬಾಗಿಲು ಕಾಯುವ ಬೊಮ್ಮನ ಮುಂದೆ ಕೈ ಚಾಚುತ್ತಾಳೆ. ಇನ್ನೂರ ಹನ್ನೆರಡನೆಯ ಪುಟ:

‘ಕೀಲಿ ಕೊಡು ಬೊಮ್ಮ.’
‘ಇನ್ನೊಂದು ದಿನ ತಾಯಿ.’
‘ಆ ಇನ್ನೊಂದು ದಿನ ಯಾರದು?’

ಬೊಮ್ಮ ಕೀಲಿ ಕೊಡುತ್ತಾನೆ. ನೆರಳುಗಳು ಬಾಗಿಲು ದಾಟಿ ಹೊಲದ ಮೇಲೆ ಹೋಗುತ್ತವೆ. ಶತ್ರುಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಕೊನೆಗೆ ಅವಳೂ ಹೋಗುತ್ತಾಳೆ. ಕೊಟ್ಟ ಮೇಲೂ ಬೊಮ್ಮನ ಕೈ ಹಾಗೇ ಚಾಚಿಕೊಂಡಿರುತ್ತದೆ. ಅಷ್ಟೇ, ಮುಗಿಯಿತು.

ಓದಿ ಸಿಟ್ಟು ಬಂತು. ಬಾವಿಯಲ್ಲಿ ನೀರಿದೆ ಎಂದು ಇವಳೇ ನೂರ ತೊಂಬತ್ತನೆಯ ಪುಟದಲ್ಲಿ ಬರೆದಿದ್ದಾಳೆ. ಮೂವತ್ತು ಜನ ಜೀವಂತ ಇದ್ದಾರೆ. ಇನ್ನೂ ತಡೆಯಬಹುದಿತ್ತು. ಬೊಮ್ಮನೂ ಒಬ್ಬ ಗಂಡಸೇ?

ಜೂನ್ 19, ಗುರುವಾರ

ಹೇಮಾಕ್ಷಿ ಗಂಜಿ ಉಗುಳಿದಳು. ಎರಡನೆಯ ಚಮಚಕ್ಕೆ ತುಟಿ ಬಿಗಿದಳು. ಬೆಳಿಗ್ಗೆಯೂ ಹಾಗೇ ಮಾಡಿದಳಂತೆ. ನುಂಗಲು ಆಗುತ್ತಿಲ್ಲ ಎಂದು ಡಾಕ್ಟರಿಗೆ ಹೇಳಿದೆ. ಭ್ರಮರಾಂಬ ಬಾಗಿಲಲ್ಲೇ ನಿಂತಿದ್ದಳು.

ಜೂನ್ 27, ಶುಕ್ರವಾರ

ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿ ನಾಲ್ಕು ದಿನವಾಯಿತು. ಎರಡು ಸಲ ಕಿತ್ತುಹಾಕಿದಳು. ಮತ್ತೆ ಹಾಕುವಾಗ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಟ್ಯೂಬ್ ಹಾಕುವಾಗ ಎಲ್ಲರಿಗೂ ಹಾಗೇ ಆಗುತ್ತದೆ ಎಂದು ನರ್ಸ್ ಹೇಳಿದಳು.

ಎಡಗೈಯನ್ನು ಮಂಚಕ್ಕೆ ಕಟ್ಟಬೇಕಾಯಿತು. ಭ್ರಮರಾಂಬ ಒಪ್ಪಲಿಲ್ಲ. “ನನ್ನ ಕೈಯಲ್ಲಿ ಆಗಲ್ಲ ಸಾರ್. ಅಮ್ಮಗಾರಿಗೆ ಇಷ್ಟ ಇಲ್ಲ. ಅವರ ಕಣ್ಣು ನೋಡಿ ಒಂದು ಸಲ” ಎಂದಳು. ನಾನೇ ಕಟ್ಟಿದೆ. ನನ್ನ ಹಳೇ ಪಂಚೆಯ ಬಟ್ಟೆ, ಮೆತ್ತಗಿದೆ. ಗಂಟು ಸಡಿಲವಾಗಿಯೇ ಹಾಕಿದ್ದೇನೆ.

ಸಂಜೆ ಬ್ಯಾಂಕಿನಿಂದ ಬಂದು ಅವಳಿಗೆ ‘ನೆರಳುಕೋಟೆ’ ಓದಿ ಹೇಳುತ್ತಿದ್ದೇನೆ. ಅವಳ ಪುಸ್ತಕ ಅವಳಿಗೇ. ಇವತ್ತು ಇನ್ನೂರ ಹನ್ನೆರಡಕ್ಕೆ ಬಂದೆ. ಕೀಲಿ ಕೊಡು ಬೊಮ್ಮ ಎಂಬಲ್ಲಿ ಬಾಯಿ ತಾನಾಗಿಯೇ ಬೇರೆ ಓದಿತು: ಬೊಮ್ಮ ಕೊಡಲಿಲ್ಲ, ತಾಯಿ ನೀವು ಒಳಗೆ ನಡೀರಿ ಅಂದ. ಅವಳು ತಲೆ ತಿರುಗಿಸಿ ನನ್ನನ್ನು ನೋಡಿದಳು. ಎರಡು ವಾರದಲ್ಲಿ ಮೊದಲ ಸಲ ನನ್ನನ್ನು ಅಷ್ಟು ಹೊತ್ತು ನೋಡಿದ್ದು. ಒಳ್ಳೆಯ ಲಕ್ಷಣ.

ಜುಲೈ 2, ಬುಧವಾರ

ಟ್ಯೂಬ್ ಇದೆ. ಕೈ ಕಟ್ಟಿದೆ. ಕೃಷ್ಣೆಗೆ ಹೊಸ ನೀರು ಬಂದಿದೆಯಂತೆ, ಎಲ್ಲರೂ ಹೋಗಿ ನೋಡುತ್ತಿದ್ದಾರೆ.

ಜುಲೈ 6, ಭಾನುವಾರ

ಅಪೂರ್ವಾ ಬಂದಿದ್ದಳು. ಅಮ್ಮನ ಕೈಯ ಕಟ್ಟು ನೋಡಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ನೀರು ಹರಿಯುತ್ತಲೇ ಇತ್ತು. ನಾನೇ ಹೋಗಿ ನಿಲ್ಲಿಸಿದೆ.

“ಎಷ್ಟು ದಿನ ಹಿಂಗೇ ನಾನ್ನಾ?”

“ಶಕ್ತಿ ಬರೋತನಕ. ಆಮೇಲೆ ತಾನೇ ತಿಂತಾಳೆ.”

ಅವಳು ಮಾತು ಬದಲಿಸಿದಳು. ಸ್ಟುಡಿಯೋದಲ್ಲಿ ಎಲ್ಲರೂ ನನ್ನ ಒಪ್ಪಿಗೆಗೆ ಕಾಯುತ್ತಿದ್ದಾರಂತೆ. “ಪುಸ್ತಕದಲ್ಲಿ ಅವರು ಸೋಲ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಮ್ಮ ನನಗೆ ಹೇಳಿದ ಕಥೆಯಲ್ಲಿ ಗೆಲ್ತಾರಲ್ಲ. ಬೊಮ್ಮ ಬಾಗಿಲು ತೆಗೆಯಲ್ಲ, ನೆರಳುಗಳೆಲ್ಲ ದೊಡ್ಡದಾಗಿ ಶತ್ರುಗಳನ್ನ ಓಡಿಸ್ತಾವೆ. ನಾನು ಫಣೀಂದ್ರಗೆ ಹೇಳಿದ್ದೂ ಅದೇ.”

ನನ್ನ ಎದೆ ಹಗುರಾಯಿತು. ಒಬ್ಬಳೇ ಲೇಖಕಿ, ಎರಡು ಪಾಠ. ಗೆಲ್ಲುವ ಪಾಠ ಅವಳದ್ದೇ ಬಾಯಿಂದ ಬಂದದ್ದು. ಅದನ್ನು ಇಟ್ಟುಕೊಂಡರೆ ತಪ್ಪೇನು?

“ಆಗ ನನಗೆ ಆರು ವರ್ಷ ನಾನ್ನಾ,” ಎಂದಳು. “ಸೋತರು ಅಂದ್ರೆ ಅತ್ತುಬಿಡ್ತಿದ್ದೆ. ಅದಕ್ಕೇ ಹಂಗೆ ಹೇಳಿದ್ದು ಅನ್ಸುತ್ತೆ.”

ಅದನ್ನು ಯಾಕೆ ಹೇಳಿದಳೋ.

ಜುಲೈ 12, ಶನಿವಾರ. ಮಧುರವಾಡ

ಇವತ್ತು ಏಳನೆಯ ದಿನವನ್ನು ಹೊಸದಾಗಿ ತೋರಿಸಿದರು. ಇನ್ನೂ ಕಚ್ಚಾ ಚಿತ್ರಗಳು, ಬೊಮ್ಮನಿಗೆ ಮುಖವೇ ಇಲ್ಲ, ಬೂದು ಬಣ್ಣದ ಗೊಂಬೆ. ಆ ಗೊಂಬೆ ಕೀಲಿಯನ್ನು ಬಾವಿಗೆ ಎಸೆಯುತ್ತದೆ. ಗೋಡೆಯ ಮುನ್ನೂರು ನೆರಳುಗಳು ಬೆಟ್ಟದೆತ್ತರಕ್ಕೆ ಏಳುತ್ತವೆ. ಐದು ಸಾವಿರ ಜನ ಓಡುತ್ತಾರೆ. ನಾನು ಅತ್ತೆ, ನಾಚಿಕೆಯಿಲ್ಲದೆ. ಫಣೀಂದ್ರ ನೀರು ತರಿಸಿದ.

ಒಂದು ಕೊರತೆ ಕಂಡಿತು, ಹೇಳಿದೆ. ಬೊಮ್ಮ ಕೀಲಿ ಎಸೆದರೆ ಮಾಚಲೆ ಸುಮ್ಮನಿರುತ್ತಾಳೆಯೇ? ಅವಳು ಹಟಮಾರಿ, ಬೇರೆ ದಾರಿ ಹುಡುಕುತ್ತಾಳೆ. ಆದ್ದರಿಂದ ಬೊಮ್ಮ ತನ್ನ ರುಮಾಲು ಬಿಚ್ಚಿ ಅವಳ ಕೈಯನ್ನು ಗೋಡೆಯ ಕಬ್ಬಿಣದ ಬಳೆಗೆ ಕಟ್ಟಬೇಕು, ಅಳುತ್ತಾ ಕಟ್ಟಬೇಕು. ಗೆದ್ದ ಮೇಲೆ ಬಿಚ್ಚಬೇಕು. ಆಗ ಅವಳು, ನೀನು ಕಟ್ಟಿದ್ದೇ ಒಳ್ಳೆಯದಾಯಿತು ಬೊಮ್ಮ ಅನ್ನಬೇಕು.

“ಸಾರ್, ಇದು ನಮಗೆ ಹೊಳೆದೇ ಇರಲಿಲ್ಲ” ಎಂದು ಫಣೀಂದ್ರ ನನ್ನ ಎರಡೂ ಕೈ ಹಿಡಿದುಕೊಂಡ. ಬರೆಯುವ ಹುಡುಗರು ಬರೆದುಕೊಂಡರು. ಜನ್ಮದಲ್ಲಿ ಒಂದು ಕಥೆ ಬರೆದವನಲ್ಲ ನಾನು, ಖುಷಿಯಾಯಿತು.

ಅಪೂರ್ವಾ ನಡುವೆಯೇ ಎದ್ದು ಹೊರಗೆ ಹೋದಳು. ಊಟಕ್ಕೂ ಬರಲಿಲ್ಲ. ತಲೆನೋವಂತೆ. ಆ ಪರದೆಯ ಮುಂದೆ ದಿನವಿಡೀ ಕೂತರೆ ಬಾರದೆ ಏನು ಮಾಡುತ್ತದೆ.

ಜುಲೈ 17, ಗುರುವಾರ

ಒಪ್ಪಿಗೆ ಪತ್ರ ಬಂದಿದೆ. ಲೇಖಕಿಗೆ ಸಹಿ ಮಾಡಲು ಆಗದಿದ್ದರೆ ಹೆಬ್ಬೆಟ್ಟು ಸಾಕು ಎಂದಿದ್ದಾರೆ.

ಹೆಬ್ಬೆಟ್ಟಿನ ವಿಷಯ ನನಗೆ ಯಾರೂ ಕಲಿಸಬೇಕಿಲ್ಲ. ಹಾಸಿಗೆ ಹಿಡಿದ ಪಿಂಚಣಿದಾರರ ಮನೆಗಳಿಗೆ ಸ್ಟಾಂಪ್ ಪ್ಯಾಡ್ ಹಿಡಿದು ಹೋದವನು ನಾನು. ಕಾಗದವನ್ನು ಪೂರ್ತಿ, ಅವರ ಭಾಷೆಯಲ್ಲಿ ಓದಿ ಹೇಳಬೇಕು. ಇಬ್ಬರು ಸಾಕ್ಷಿ ಇರಬೇಕು. ಗಂಡಸರಿಗೆ ಎಡಗೈ, ಹೆಂಗಸರಿಗೆ ಬಲಗೈ. ಗುರುತು ಸ್ವಚ್ಛ ಇರಬೇಕು. ಏಲೂರಿನಲ್ಲಿ ಒಬ್ಬ ತನ್ನ ತಾಯಿಯ ಹೆಬ್ಬೆಟ್ಟು ಹಿಡಿದು ಒತ್ತಿಸಿ ತಂದಿದ್ದ. ನೋಡಿದ ತಕ್ಷಣ ವಾಪಸ್ ಕೊಟ್ಟೆ. ತಾನಾಗಿ ಒತ್ತಿದ ಬೆರಳು ನೇರ ಕೂರುತ್ತದೆ, ಗೆರೆಗಳನ್ನು ಎಣಿಸಬಹುದು. ಇನ್ನೊಬ್ಬರು ಹಿಡಿದು ಒತ್ತಿಸಿದ್ದು ಪಕ್ಕಕ್ಕೆ ಜಾರಿರುತ್ತದೆ. ಆ ಮನುಷ್ಯ ಜಗಳ ಆಡಿದ. “ನಿಮ್ಮ ತಾಯಿ ಕೊಟ್ಟದ್ದಲ್ಲ ಇದು, ನೀವು ತಗೊಂಡದ್ದು” ಎಂದಿದ್ದೆ. ಆ ಕಥೆಯನ್ನು ಹೇಮಾಕ್ಷಿಗೆ ಎಷ್ಟು ಸಲ ಹೇಳಿದ್ದೇನೋ, ಪ್ರತಿ ಸಲವೂ ಹೊಸದಾಗಿ ಕೇಳುವವಳ ಹಾಗೆ ಕೇಳುತ್ತಿದ್ದಳು.

ಜುಲೈ 20, ಭಾನುವಾರ

ಮುಗಿಯಿತು.

ಫಣೀಂದ್ರನ ಮ್ಯಾನೇಜರ್ ಕೃಷ್ಣಚೈತನ್ಯ ಬೆಳಿಗ್ಗೆ ಬಂದಿಳಿದ. ಎರಡನೆಯ ಸಾಕ್ಷಿಗೆ ಎದುರು ಮನೆಯ ಜಗನ್ಮೋಹನ್ ಅವರನ್ನು ಕರೆದೆ. ಅವರು ಬರುವ ಮುಂಚೆ ಕೈಯ ಕಟ್ಟು ಬಿಚ್ಚಿ ಬಟ್ಟೆಯನ್ನು ದಿಂಬಿನ ಕೆಳಗೆ ಇಟ್ಟೆ. ಬಂದವರಿಗೆ ಅದೆಲ್ಲ ಯಾಕೆ.

ಪತ್ರ ಓದಿ ಹೇಳಿದೆ. ಮೊದಲ ಪ್ಯಾರಾದಲ್ಲಿ ಸಿನಿಮಾದ ಹೆಸರು, ಎರಡನೆಯದರಲ್ಲಿ ಲೇಖಕಿಗೆ ಸಲ್ಲುವ ಗೌರವ. ಮೂರನೆಯದು ಏಳನೆಯ ದಿನ. ಅದನ್ನು ಓದಲಿಲ್ಲ. ಜಗನ್ಮೋಹನ್ ಅವರ ಕಾಫಿ ಆರುತ್ತಿತ್ತು.

ನಿಯಮದ ಪ್ರಕಾರ ಬಲಗೈ. ಕೈ ಭಾರವಾಗಿತ್ತು, ತಣ್ಣಗಿತ್ತು. ಹಿಡಿದು ಒತ್ತಿದೆ. ಅವಳ ಗಂಟಲಿಂದ ಒಂದು ಸದ್ದು ಬಂತು. “ಅಮ್ಮಗಾರಿಗೆ ಸಂತೋಷ ಆಗಿದೆ” ಎಂದ ಕೃಷ್ಣಚೈತನ್ಯ. ‘ಲೇಖಕಿಗೆ ಪೂರ್ತಿ ವಿವರಿಸಿ ಹೇಳಲಾಗಿದೆ’ ಎಂಬ ಸಾಲಿನ ಕೆಳಗೆ ನಾನು ಸಹಿ ಹಾಕಿದೆ.

ಅವರನ್ನು ಕಳಿಸಲು ಕೆಳಗೆ ಹೋದೆ. ಭಾನುವಾರ ಭ್ರಮರಾಂಬ ಬರುವುದಿಲ್ಲ. ಗೇಟಿನ ಹತ್ತಿರ ಮಾತಾಡುತ್ತಾ ಕಾಲು ಗಂಟೆ ಆಗಿರಬೇಕು. ಅವಳ ಕೈ ಬಿಚ್ಚಿದ್ದು ಆಗ ನೆನಪಾಗಿ ಓಡಿ ಬಂದೆ. ಟ್ಯೂಬ್ ಇದ್ದ ಹಾಗೇ ಇತ್ತು. ಕಾಲು ಗಂಟೆ ಕೈ ಬಿಟ್ಟಿತ್ತು, ಅವಳು ಕೀಳಲಿಲ್ಲ. ಕಣ್ಣು ಮುಚ್ಚಿ ಮಲಗಿದ್ದಳು, ಎಡಗೈ ಹೊದಿಕೆಯ ಒಳಗಿತ್ತು. ಒಪ್ಪಿಕೊಂಡಿದ್ದಾಳೆ ಅಂದುಕೊಂಡೆ. ಪಕ್ಕದಲ್ಲಿ ಬಿದ್ದಿದ್ದ ಸ್ಟಾಂಪ್ ಪ್ಯಾಡ್, ಪುಸ್ತಕ ಎತ್ತಿಟ್ಟೆ. ಬಲಗೈ ಹೆಬ್ಬೆಟ್ಟಿನ ಮಸಿಯನ್ನು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದೆ. ಎಡಗೈಯನ್ನು ಹೊದಿಕೆಯ ಮೇಲಿಂದಲೇ ಕಟ್ಟಿದೆ. ಇವತ್ತು ಚೆನ್ನಾಗಿ ನಿದ್ದೆ ಬರುತ್ತದೆ.

ಜುಲೈ 21, ಸೋಮವಾರ

ಬೆಳಿಗ್ಗೆ ಮೈ ಒರೆಸುವಾಗ ಭ್ರಮರಾಂಬ ಕರೆದಳು. “ಸಾರ್, ಎರಡು ಕೈಗೂ ಒತ್ತಿಸಿದ್ರಾ?”

ಎಡಗೈಯ ಹೆಬ್ಬೆಟ್ಟು ಪೂರ್ತಿ ನೇರಳೆ. ಹೊದಿಕೆಯ ಒಳಭಾಗದಲ್ಲೂ ಮಸಿ.

ಪುಸ್ತಕ ತೆಗೆದೆ. ನಾನು ಗುರುತಿಗೆ ಇಟ್ಟಿದ್ದ ಬ್ಯಾಂಕಿನ ಚೀಟಿ ಇದ್ದಲ್ಲೇ ಇತ್ತು. ಇನ್ನೂರ ಹನ್ನೆರಡನೆಯ ಪುಟ. ‘ಕೀಲಿ ಕೊಡು ಬೊಮ್ಮ’ ಎಂಬ ಸಾಲಿನ ಪಕ್ಕದ ಖಾಲಿ ಜಾಗದಲ್ಲಿ ಒಂದು ಹೆಬ್ಬೆಟ್ಟು. ನೇರ ಕೂತಿದೆ. ಎಲ್ಲಿಯೂ ಜಾರಿಲ್ಲ. ಕನ್ನಡಕ ಹಾಕಿಕೊಂಡು ನೋಡಿದೆ, ಗೆರೆಗಳನ್ನು ಎಣಿಸಬಹುದು. ನನ್ನ ಸರ್ವಿಸಿನಲ್ಲಿ ಇಷ್ಟು ಸ್ವಚ್ಛವಾದ ಗುರುತು ನಾಲ್ಕೈದು ನೋಡಿರಬಹುದು.

ಫೋನಿನಲ್ಲಿ ನಿನ್ನೆಯ ಪತ್ರದ ಫೋಟೋ ಇತ್ತು. ತೆಗೆದು ಪಕ್ಕದಲ್ಲಿ ಹಿಡಿದೆ. ಬಲಕ್ಕೆ ಜಾರಿದ ನೇರಳೆ ಕಲೆ, ಒಂದು ಗೆರೆಯೂ ಇಲ್ಲ. ಯಾರಾದರೂ ಕೌಂಟರಿಗೆ ತಂದಿದ್ದರೆ ವಾಪಸ್ ಕೊಡುತ್ತಿದ್ದೆ.

ಬ್ಯಾಂಕಿಗೆ ಹೋದೆ. ಫಣೀಂದ್ರನಿಗೆ ಫೋನ್ ಮಾಡಲಿಲ್ಲ. ಎಂಟು ಗಂಟೆ ಕಾಲ ಫೋನ್ ಮೇಜಿನ ಮೇಲೇ ಇತ್ತು.

ಜುಲೈ 22, ಮಂಗಳವಾರ

ಮಾಡಿದೆ. ಆ ಹೆಬ್ಬೆಟ್ಟು ಅವಳು ಕೊಟ್ಟದ್ದಲ್ಲ, ಏಳನೆಯ ದಿನ ಮುಟ್ಟಬೇಡಿ ಎಂದೆ.

ಫಣೀಂದ್ರ ಹೇಳಿದ: “ಕೈ ಕಟ್ಟುವ ಸೀನ್ ನಿನ್ನೆಯೇ ತೆಗೆದೆವು ಸಾರ್. ಸೆಟ್ಟಿನಲ್ಲಿ ಎಲ್ಲರೂ ಅತ್ತರು. ಅದು ನಿಮ್ಮದೇ ಐಡಿಯಾ ಅಲ್ವಾ ಸಾರ್? ವಿವರಿಸಿ ಹೇಳಿದ್ದೀನಿ ಅಂತ ಸಹಿ ಹಾಕಿದ್ದೂ ನೀವೇ.”

ಹೌದು ಎಂದೆ. ಬೇರೆ ಏನು ಹೇಳಲಿ. ಅವನ ಮೇಲೆ ಸಿಟ್ಟು ಬರಲಿಲ್ಲ. ಯಾರ ಮೇಲೆ ಬರಬೇಕೋ ಅವನ ಮೇಲೆ ಬಂದು ಪ್ರಯೋಜನವಿಲ್ಲ. ಅಪೂರ್ವಾಗೆ ಫೋನ್ ಮಾಡಿ ರಜೆ ಹಾಕಿ ಬಾ ಎಂದೆ. “ನಾಳೆಯೇ ಬರ್ತೀನಿ ನಾನ್ನಾ” ಎಂದಳು.

ಜುಲೈ 23, ಬುಧವಾರ

ರಜೆ ಹಾಕಿದೆ. ಡಾಕ್ಟರ ಹತ್ತಿರ ಹೋಗಿ ಕೇಳಿದೆ. ಟ್ಯೂಬ್ ತೆಗೆಯಬಹುದು, ಬೇಕೆಂದಾಗ ಒಂದು ಚಮಚ ನೀರು ಕೊಡಿ, ನೋವಾಗದ ಹಾಗೆ ನಾವು ನೋಡಿಕೊಳ್ಳುತ್ತೇವೆ ಎಂದರು. ಎಷ್ಟು ದಿನ ಎಂದು ನಾನು ಕೇಳಲಿಲ್ಲ.

ಭ್ರಮರಾಂಬ ಇಂದ್ರಕೀಲಾದ್ರಿಯ ಅಮ್ಮನವರ ಗುಡಿಯಿಂದ ಕುಂಕುಮ ತಂದಿದ್ದಳು. ಹೇಮಾಕ್ಷಿಗೆ ಇಟ್ಟು, ಏನನ್ನಿಸಿತೋ, ನನ್ನ ಹಣೆಗೂ ಇಟ್ಟಳು.

ಸಂಜೆ ಇನ್ನೂರ ಹನ್ನೆರಡನೆಯ ಪುಟವನ್ನು ಇದ್ದದ್ದು ಇದ್ದ ಹಾಗೆ ಓದಿದೆ. ‘ಆ ಇನ್ನೊಂದು ದಿನ ಯಾರದು’ ಎಂಬಲ್ಲಿ ಕನ್ನಡಕ ತೆಗೆದು ಒರೆಸಿಕೊಂಡೆ. ಅವಳು ಕಾದಳು. ಪುಟ ಮುಗಿಸಿದೆ. ಆಮೇಲೆ ಗಂಟು ಬಿಚ್ಚಿದೆ. ಸಡಿಲವಾಗಿ ಹಾಕಿದ್ದೇನೆ ಅಂದುಕೊಂಡಿದ್ದೆ, ಮಣಿಕಟ್ಟಿನ ಸುತ್ತ ಕೆಂಪು ಗೆರೆ ಕೂತಿದೆ. ಅವಳ ಎಡಗೈ ನಿಧಾನ ಮೇಲೆದ್ದು ಟ್ಯೂಬಿನ ಹತ್ತಿರ ಹೋಗಿ ನಿಂತಿತು. ಎಳೆಯಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

“ಆಯ್ತು ಕಣೇ,” ಎಂದೆ. “ನಾಳೆ ಡಾಕ್ಟರು ಬಂದು ತೆಗೀತಾರೆ. ನಾನಿನ್ನು ತಡೆಯಲ್ಲ.”

ಕೈ ಕೆಳಗಿಳಿಸಿ ಹಾಸಿಗೆಯ ಮೇಲೆ ಅಂಗೈ ಮೇಲಾಗಿ ಇಟ್ಟಳು.

ಏಳು ಗಂಟೆಗೆ ಅಪೂರ್ವಾ ರತ್ನಾಚಲ್‌ನಲ್ಲಿ ಬಂದಿಳಿದಳು. ಈಗ ಅಮ್ಮನ ಪಕ್ಕ ಕೂತು, ಆ ಕೈ ಹಿಡಿದುಕೊಂಡು, ಆರು ವರ್ಷದಲ್ಲಿ ಕೇಳಿದ ಕಥೆಯನ್ನು ತೆಲುಗು ಬೆರೆಸಿ ಹೇಳುತ್ತಿದ್ದಾಳೆ. ಕೊನೆಗೆ ಬಂದಾಗ ಬೊಮ್ಮನ ಕೈಯಿಂದ ಕೀಲಿ ಕೊಡಿಸಿದಳು.

ಸಿನಿಮಾದಲ್ಲಿ ಕೊಡುವುದಿಲ್ಲ. ಆ ಒಪ್ಪಿಗೆ ಪತ್ರದ ಕೆಳಗೆ ಹೇಮಾಕ್ಷಿಯ ಸತ್ತ ಕೈಯ ಕಲೆ ಇದೆ, ಪಕ್ಕದಲ್ಲಿ ನನ್ನ ಸಹಿ.